ಸೂಳೆಕೆರೆಯೂ ಚನ್ನಗಿರಿಯೂ: ಪೂರ್ತಧರ್ಮದಲ್ಲಿ ಸ್ತ್ರೀಕರ್ತೃತ್ವದ ವಿಚಾರ

೧

ಧರ್ಮಶಾಸ್ತ್ರಕಾರರು ಸತ್ಕರ್ಮಗಳನ್ನು ಇಷ್ಟವೆಂದೂ ಪೂರ್ತವೆಂದೂ ಎರಡು ವಿಧವಾಗಿ ವಿಭಾಗಿಸಿರುವರು. ಅಗ್ನಿಹೋತ್ರಾದಿಗಳು ಇಷ್ಟವೆನಿಸುವುವು, ಬಾವಿ, ಕೊಳ, ಕೆರೆ, ದೇವಾಲಯ, ಅನ್ನಸತ್ರ, ಉಪವನ ಮುಂತಾದ ಲೋಕೋಪಯೋಗಿಯಾದ ನಿರ್ಮಾಣಗಳು ಪೂರ್ತವೆನಿಸುವುವು. ಇವೆರಡಕ್ಕೂ ಇರುವ ಭೇದವು ಫಲದಲ್ಲಿ ಮಾತ್ರವಲ್ಲ, ಅಧಿಕಾರದಲ್ಲಿಯೂ ಉಂಟು. ಇಷ್ಟಕ್ಕೆ ವೇದಾಧಿಕಾರವು ಬೇಕು. ಪೂರ್ತಕ್ಕಾದರೋ ಅಂಥ ನಿಯಮವಿಲ್ಲ. ಶೂದ್ರರಿಗೂ ಸ್ತ್ರೀಯರಿಗೂ ಪೂರ್ತದಲ್ಲಿ ಅಧಿಕಾರವುಂಟೆಂದು ಸ್ಮೃತಿಕಾರರೂ ನಿಬಂಧಕಾರರೂ ಒಪ್ಪಿರುವರು. ಕನ್ನಡ ನಾಡಿನಲ್ಲಿ ಹೆಸರಾದ ಸಪ್ತಸಂತಾನಗಳಲ್ಲಿಯೂ ತಟಾಕವು ಒಂದು. ಮಗನು ವಂಶವನ್ನು ಬೆಳೆಸುವಂತೆ ಕೆರೆಯು ಕಟ್ಟಿಸಿದವರ ಹೆಸರನ್ನು ಬೆಳೆಸುವುದೆಂಬುದು ಇದರ ಭಾವ.

ಈಗಿನ ಕಾಲದಲ್ಲಿ ಊರಿನ ಕುಡಿಯುವ ನೀರು, ಚರಂಡಿ, ದಾರಿ, ದೀಪ, ಸಂತೆಕಟ್ಟೆ, ಮರಗಿಡ ಇವುಗಳನ್ನು ನೋಡಿಕೊಳ್ಳುವ ಕೆಲಸವು ಪುರಸಭೆ ಪಟ್ಟಣಪಂಚಾಯತಿಗಳ ಪಾಲಿಗೆ ಬಂದಿರುತ್ತದೆ. ಹೆಸರು ಹೊಸದಾದರೂ ವಸ್ತುವು ಹಳೆಯ ಪೂರ್ತವೇ. ಆದುದರಿಂದ ಹೆಂಗಸರು ನಗರಾಡಳಿತದ ಹೊಣೆಯನ್ನು ಹೊರುವುದು ನೂತನವಾದ ವಿಚಿತ್ರವೆಂದು ಹೇಳುವವರೂ, ಅದು ಪಾಶ್ಚಾತ್ಯರಿಂದ ಬಂದ ಪದ್ಧತಿಯೆಂದು ತಿಳಿಯುವವರೂ ನಾಡಿನ ಪೂರ್ವಚರಿತ್ರೆಯನ್ನು ಒಂದಿಷ್ಟು ಪರಿಶೀಲಿಸುವುದು ಯುಕ್ತ. ಈ ಪರಿಶೀಲನೆಗೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯು ಬಹಳ ತಕ್ಕ ಕ್ಷೇತ್ರವಾಗಿದೆ. ಏಕೆಂದರೆ ಇಲ್ಲಿ ಒಬ್ಬ ಹೆಣ್ಣುಮಗಳು ಕಟ್ಟಿಸಿದಳೆಂಬ ಮಹಾತಟಾಕವೂ ಇದೆ. ಒಬ್ಬ ರಾಣಿಯ ಹೆಸರನ್ನು ಹೊತ್ತ ಪಟ್ಟಣವೂ ಇದೆ. ನೆರೆಯಲ್ಲಿಯೇ ಒಬ್ಬ ಹೆಂಗಸು ನಾಡಿನ ಅಧಿಕಾರವನ್ನು ನಡೆಸಿದುದಕ್ಕೆ ಶಾಸನವೂ ಇದೆ.

ಚನ್ನಗಿರಿ ಹೊನ್ನಾಳಿಗಳು ಮೊದಲು ಶಿವಮೊಗ್ಗೆಯ ಜಿಲ್ಲೆಗೂ ಜಗಳೂರು ಚಿತ್ರದುರ್ಗದ ಜಿಲ್ಲೆಗೂ ಸೇರಿದ್ದುವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಅದಕ್ಕೆ ಕೂಡಿದುವು. ನ್ಯಾಮತಿಯು ಹೊನ್ನಾಳಿಯ ಭಾಗವಾಗಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಈ ಕಾರಣದಿಂದ ಬಿ. ಎಲ್. ರೈಸರವರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನು ೭ನೆಯ ಸಂಪುಟದಲ್ಲಿಯೂ ಜಗಳೂರಿನವನ್ನು ೧೧ನೆಯ ಸಂಪುಟದಲ್ಲಿಯೂ ನೋಡಬೇಕಾಗುತ್ತದೆ. ಮಲೆನಾಡಿನ ಸೆರಗೂ ಬಯಲುಸೀಮೆಯ ಅಂಚೂ ಕೂಡುವ ಪ್ರದೇಶವಿದು. ಪಶ್ಚಿಮದಲ್ಲಿ ತುಂಗಭದ್ರೆಯ ತಡಿಯ ಹೊನ್ನಾಳಿಗೆ ನೀರಿನ ಚಿಂತೆಯು ಕಡಮೆ. ಪೂರ್ವದಲ್ಲಿ ಮಳೆ ಸಾಲದ ಜಗಳೂರಿಗೆ ನೀರೇ ಚಿಂತೆ. ನಡುವೆ ಇರುವುದು ಸೂಳೆಕೆರೆ.

೨

ಐತಿಹ್ಯವನ್ನು ವಿಚಾರಿಸುವುದಕ್ಕೆ ಮುಂಚೆ ಕೆರೆಯ ಸ್ವರೂಪವನ್ನು ತಿಳಿಯಬೇಕು. ವಸ್ತುವಿನ ಗಾತ್ರವನ್ನು ಅರಿಯದೆ ಕರ್ತೃವಿನ ಯೋಗ್ಯತೆಯನ್ನು ಅಳೆಯಲಾಗದು.

ಹರಿದ್ರಾ ಎಂಬ ಹಳ್ಳವು ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ನುಸುಳಿ ಉತ್ತರಾಭಿಮುಖವಾಗಿ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆ ಕಣಿವೆಯ ಬಾಯಿಯನ್ನು ಏರಿಯಿಂದ ಮುಚ್ಚಿರುವುದೇ ಸೂಳೆಕೆರೆ. ಏರಿಯ ಉದ್ದವು ಸುಮಾರು ೯೫೦ ಅಡಿ ಮಾತ್ರ. ಅದರ ಹಿಂದೆ ನಿಲ್ಲುವ ನೀರಿನ ಹರವಾದರೋ ಸುಮಾರು ೬,೫೫೦ ಎಕರೆ. ಆಳವು ಸುಮಾರು ೨೭ ಅಡಿ. ಕೆರೆಗೆ ನೀರು ಹರಿದು ಬರುವ ಅಚ್ಚುಕಟ್ಟಿನ ಮೇಲಣ ಪ್ರದೇಶವು ಸುಮಾರು ೮೧,೦೦೦ ಎಕರೆ, ಎಂದರೆ ಕೆರೆಯ ಹರವಿನ ಹನ್ನೆರಡು ಪಟ್ಟಿಗೂ ಮೇಲು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆಗಳು ಕೆಳಗಿನ ಗದ್ದೆತೋಟಗಳಿಗೆ ನೀರನ್ನು ಕೊಡುತ್ತವೆ.

ಈ ಅಂಕಿಗಳಲ್ಲಿ ಗಮನಿಸತಕ್ಕ ವಿಷಯವು ಒಂದುಂಟು. ಬಯಲುಸೀಮೆಯ ಸಾಧಾರಣವಾದ ಕೆರೆಗಳಲ್ಲಿ ನೀರಿನ ಹರವು ಹೆಚ್ಚಿದಂತೆಲ್ಲ ಏರಿಯ ಉದ್ದವೂ ಹೆಚ್ಚುತ್ತದೆ. ಮೈಲಿಗಟ್ಟಲೆ ಮಣ್ಣನ್ನು ಹೊತ್ತು ಹಾಕಬೇಕಾಗುತ್ತದೆ. ಉದ್ದವಾದ ಏರಿಗೆ ಒಡೆಯುವ ಭಯವೂ ಅಧಿಕ. ಇಲ್ಲಿ ಸ್ಥಳವನ್ನು ಆರಿಸಿದವರು ಪ್ರಕೃತಿಯೇ ಮುಕ್ಕಾಲು ಪಾಲು ಕಟ್ಟಿಟ್ಟಿದ್ದ ಗೋಡೆಯ ಒಂದು ಸಣ್ಣ ಬಿರುಕನ್ನು ಮಾತ್ರ ಮುಚ್ಚಿದರು. ಏರಿಯನ್ನು ಗಿಡ್ಡವಾಗಿ ಇಟ್ಟುಕೊಂಡುದರಿಂದ ಅದನ್ನು ಬಹಳ ದಪ್ಪವಾಗಿಯೂ ಬಲವಾಗಿಯೂ ಮಾಡಲು ಶಕ್ತರಾದರು. ಕಲ್ಲಿನ ಕಟ್ಟಡದ ಆ ಏರಿಯು ಶತಮಾನಗಳ ಮಳೆಗಾಲಗಳನ್ನು ತಡೆದು ಇಂದಿಗೂ ನಿಂತಿರುವುದು. ಆದುದರಿಂದ ಈ ಕೃತಿಯಲ್ಲಿ ಧನಬಲಕ್ಕಿಂತ ವಿವೇಕವೇ ಪ್ರಧಾನವೆಂದು ಹೇಳಬೇಕು. ನೆಲದ ಇಳಿಜಾರು, ಹಳ್ಳದ ಗತಿ, ಮಳೆಯ ಪ್ರಮಾಣ ಇವುಗಳನ್ನು ಬಲ್ಲವರ ಮಾತನ್ನು ಕೇಳಿ ನಡೆದವರ ಕೆಲಸವಿದು.

೩

ಈ ಕೆರೆಯ ನಿರ್ಮಾಣವನ್ನು ಕುರಿತು ಸೀಮೆಯಲ್ಲಿ ಹಬ್ಬಿರುವ ಐತಿಹ್ಯವನ್ನು ರೈಸರವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಸಂಗ್ರಹಿಸಿ, ಕೆರೆಯ ಕಾಲವನ್ನು ೧೧ನೆಯ ಅಥವಾ ೧೨ನೆಯ ಶತಮಾನವೆಂದು ಸೂಚಿಸಿರುವರು. ಐತಿಹ್ಯದ ಸಾರವಿದು: ಈಗ ನೀರು ನಿಂತಿರುವ ಎಡೆಯಲ್ಲಿ ಸ್ವರ್ಗಾವತಿ ಎಂಬ ಪಟ್ಟಣವಿದ್ದಿತು. ಅದರ ಅರಸನು ವಿಕ್ರಮರಾಯ. ಅವನಿಗೆ ಶಾಂತವ್ವೆ ಎಂಬ ಮಗಳು. ಶಾಂತವ್ವೆಯು ತಂದೆಯ ಅನುಮತಿಯಿಲ್ಲದೆ ಒಬ್ಬ ಸಿದ್ಧಪುರುಷನಲ್ಲಿ ಅನುರಕ್ತೆಯಾಗಲು, ಅರಸನು ಅವಳನ್ನು ಕುಲಟೆಯೆಂದು ಜರೆದು ತ್ಯಜಿಸಿದನು. ಅವಳು ಆ ಅಪವಾದದ ಪರಿಹಾರಕ್ಕಾಗಿ ಕೆರೆಯನ್ನು ಕಟ್ಟಿಸಿದಳು.

ಇನ್ನು ಹೆಸರಿನ ವಿಷಯದಲ್ಲಿ ಎರಡು ಪಾಠಗಳಿವೆ. ಒಂದನೆಯ ಪಾಠದಂತೆ, ತಂದೆಯು ಮಗಳನ್ನು ಬೈದ ಬೈಗುಳವೇ ಕೆರೆಗೆ ಹೆಸರಾಗಿ ಅಂಟಿತು. ಎರಡನೆಯ ಪಾಠದಂತೆ, ಕೆರೆಯಲ್ಲಿ ಮುಳುಗತಕ್ಕ ನೆಲವು ಸೂಳೆಯರದಾಗಿದ್ದಿತು. ಶಾಂತವ್ವೆಯು ಅದನ್ನು ಕೇಳಿದಾಗ, ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಕಟ್ಟಳೆಯ ಮೇಲೆ ಅವರು ಒಪ್ಪಿದರು.

ಈ ಎರಡು ಪಾಠಗಳು ಕೇವಲ ಕಥಾಭೇದಗಳೆಂದು ಬಿಡತಕ್ಕವಲ್ಲ. ಮೊದಲನೆಯದರಲ್ಲಿ ಹೆಸರು ನಿಂದೆ. ಎರಡನೆಯದರಲ್ಲಿ ಅದೇ ಹೆಸರು ಒಡಂಬಡಿಕೆ. ಮೊದಲನೆಯದರಲ್ಲಿ ಒಬ್ಬ ರಾಜಪುತ್ರಿಯ ದುಃಖವು ಮಾತ್ರವಿದೆ. ಎರಡನೆಯದರಲ್ಲಿ ನೆಲವನ್ನು ಬಿಟ್ಟುಕೊಟ್ಟ ಹೆಂಗಸರ ಒಂದು ಸಮೂಹವೂ, ಅವರ ಸಮ್ಮತಿಯನ್ನು ಬೇಡಬೇಕಾಗಿ ಬಂದ ಒಬ್ಬ ಪ್ರಭ್ವಿಯೂ ಇರುವರು. ದೊಡ್ಡ ಕೆರೆಯನ್ನು ಕಟ್ಟುವಾಗ ಮುಳುಗುವ ನೆಲದ ಒಡೆಯರಿಗೆ ಏನು ಸಮಾಧಾನವೆಂಬ ಪ್ರಶ್ನೆಯು ಇಂದಿನ ಜಲಾಶಯಗಳ ಕಾಲದಲ್ಲಿಯೂ ತೀರದೆ ಉಳಿದಿದೆ. ಜನರ ಬಾಯಲ್ಲಿ ಉಳಿದ ಈ ಕಥೆಯು ಆ ಪ್ರಶ್ನೆಯನ್ನು ಮರೆತಿಲ್ಲ. ಕೊಟ್ಟ ನೆಲಕ್ಕೆ ಪ್ರತಿಯಾಗಿ ಅವರು ಹೊನ್ನನ್ನು ಕೇಳಲಿಲ್ಲ, ಬೇರೆ ನೆಲವನ್ನು ಕೇಳಲಿಲ್ಲ; ತಮ್ಮನ್ನು ಲೋಕವು ನೆನೆಯಬೇಕೆಂದು ಕೇಳಿದರು.

ಐತಿಹ್ಯವು ಶಾಸನಕ್ಕೆ ಸಮಾನವಾದ ಪ್ರಮಾಣವಲ್ಲವೆಂಬುದು ಸರ್ವಸಮ್ಮತ. ಪ್ರಚಾರದಲ್ಲಿ ಕೆರೆಗೆ ಹೇಳುವ ೧೧೨೮ ಎಂಬ ವರ್ಷವನ್ನೂ ಆ ದೃಷ್ಟಿಯಿಂದಲೇ ನೋಡಬೇಕು. ಅದೇ ಕಾಲದಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯೂ ಇದ್ದಳು. ಅವಳು ೧೧೩೧ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡುದು ಶಾಸನದಿಂದ ತಿಳಿದಿದೆ. ಹೆಸರಿನ ಸಾಮ್ಯದಿಂದ ಶಾಂತಲೆಯನ್ನೂ ಶಾಂತವ್ವೆಯನ್ನೂ ಒಂದುಗೂಡಿಸುವುದು ಸಾಧುವಲ್ಲ. ಒಬ್ಬಳ ಚರಿತ್ರೆಯು ಶಾಸನಸ್ಥ, ಇನ್ನೊಬ್ಬಳದು ಜನಶ್ರುತಿಸ್ಥ. ಆದರೆ ಐತಿಹ್ಯವನ್ನು ಪೂರ್ಣವಾಗಿ ತಳ್ಳಿಬಿಡುವುದೂ ಸಾಧುವಲ್ಲ. ನಾಡಿನ ಜನರು ತಮ್ಮ ಸೀಮೆಯ ಅತಿದೊಡ್ಡ ಕೆರೆಯನ್ನು ಒಬ್ಬ ಮಹಾರಾಜನಿಗೆ ಆರೋಪಿಸದೆ, ತಂದೆಯಿಂದ ತ್ಯಕ್ತಳಾದ ಒಬ್ಬ ಹೆಣ್ಣುಮಗಳಿಗೆ ಆರೋಪಿಸಿರುವುದು ಸ್ವತಃ ಒಂದು ಸಂಗತಿ. ಹೆಂಗಸು ಇಂಥ ಕೆಲಸವನ್ನು ಮಾಡಿಸಬಲ್ಲಳೆಂಬುದು ಅವರಿಗೆ ಅಸಂಭಾವ್ಯವಾಗಿ ತೋರಲಿಲ್ಲ.

೪

ಇಲ್ಲಿ ಸೂಳೆ ಎಂಬ ಶಬ್ದದ ವಿಚಾರವು ಪ್ರಾಪ್ತವಾಗುತ್ತದೆ. ಈಗ ಆ ಮಾತು ಕೇವಲ ಬೈಗುಳ. ಪೂರ್ವದಲ್ಲಿ ಹಾಗಿರಲಿಲ್ಲವೆಂಬುದಕ್ಕೆ ಬಾದಾಮಿಯ ಸಮೀಪದ ಮಹಾಕೂಟದ ಕಂಬದ ಶಾಸನವು ಸಾಕ್ಷಿ. ೭ನೆಯ ಶತಮಾನದ ಕೊನೆ, ೮ನೆಯ ಶತಮಾನದ ಆದಿ ಈ ಅವಧಿಯಲ್ಲಿ ಆಳಿದ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿ ಎಂಬವಳು ಅಲ್ಲಿ ಹಿರಣ್ಯಗರ್ಭದಾನವನ್ನು ಮಾಡಿ, ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಸಮರ್ಪಿಸಿ, ಭೂಮಿಯನ್ನು ಬಿಟ್ಟುದನ್ನು ಆ ಶಾಸನವು ಹೇಳುತ್ತದೆ. ಅವಳನ್ನು ಸೂಳೆಯರೆಂದು ಗೌರವಬಹುವಚನದಿಂದಲೇ ಶಾಸನಕಾರನು ಕರೆದಿರುವನು. ರಾಜನ ಶಾಸನದಲ್ಲಿ, ದೇವರ ಸನ್ನಿಧಿಯಲ್ಲಿ, ದಾನಿಯ ಹೆಸರಿನ ಜತೆಗೆ ನಿಲ್ಲಿಸಿದ ಮಾತು ನಿಂದಾವಾಚಕವಾಗಿರಲಾರದು.

ಹನ್ನೆರಡನೆಯ ಶತಮಾನದಲ್ಲಿಯೂ ಸೂಳೆ ಸಂಕವ್ವೆ ಎಂಬ ಶಿವಶರಣೆಯು ವಚನಕಾರ್ತಿಯರ ಪಂಕ್ತಿಯಲ್ಲಿ ಗಣ್ಯಳಾಗಿರುವಳು. ತನ್ನ ಪೂರ್ವವೃತ್ತಿಯ ಹೆಸರನ್ನು ಮರೆಸದೆಯೇ ಅವಳು ಆ ಗೋಷ್ಠಿಯಲ್ಲಿ ಸ್ಥಾನವನ್ನು ಪಡೆದಳು. ದೇವಾಲಯಗಳ ಅಂಗಭೋಗ ರಂಗಭೋಗಗಳಿಗೆ ಸಂಬಂಧಿಸಿದ ಶಾಸನಗಳಲ್ಲಿಯೂ ಸೂಳೆಯರಿಗೆ ವೃತ್ತಿಭೂಮಿಗಳನ್ನು ಬಿಟ್ಟ ನಿದರ್ಶನಗಳು ಅನೇಕವಿವೆ. ಎಂದಮೇಲೆ, ಕೆರೆಯಲ್ಲಿ ಮುಳುಗಿದ ನೆಲವು ಸೂಳೆಯರದೆಂಬ ಎರಡನೆಯ ಪಾಠವು ಆ ಕಾಲದ ಸ್ಥಿತಿಗೆ ವಿರುದ್ಧವಾದುದಲ್ಲ. ಅವರು ಭೂಸ್ವಾಮಿನಿಯರಾಗಿದ್ದರು, ತಮ್ಮ ನೆಲವನ್ನು ಕೊಡಲೂ ಕೊಡದಿರಲೂ ಸಮರ್ಥರಾಗಿದ್ದರು, ಕೊಟ್ಟಾಗ ಕಟ್ಟಳೆಯನ್ನು ವಿಧಿಸಲೂ ಸಮರ್ಥರಾಗಿದ್ದರು. ನಿಂದೆಯಿಂದ ಹೆಸರು ಬಂದಿತೆಂಬ ಮೊದಲನೆಯ ಪಾಠವು, ಶಬ್ದದ ಗೌರವವು ಕೆಟ್ಟಮೇಲೆ ಜನರು ಹೆಸರಿಗೆ ಕಾರಣವನ್ನು ಹುಡುಕಿ ಕಲ್ಪಿಸಿದುದಾಗಿರಬಹುದೆಂದು ಊಹಿಸಲು ಅವಕಾಶವುಂಟು.

೫

ಇದಕ್ಕೆ ಪೂರ್ವಪಕ್ಷವು ಹೀಗೆ: ಹೆಂಗಸರು ದಾನವನ್ನು ಮಾಡಿರಬಹುದು, ಗಂಡನ ಅಥವಾ ತಂದೆಯ ಧನದಿಂದ ಗುಡಿಕೆರೆಗಳನ್ನು ಕಟ್ಟಿಸಿರಬಹುದು. ಆದರೆ ದಾನವು ಬೇರೆ, ಆಡಳಿತವು ಬೇರೆ. ಊರಿನ ಕಟ್ಟುಪಾಡುಗಳನ್ನು ನಿಲ್ಲಿಸುವುದು, ನಾಡಿನ ಲೆಕ್ಕವನ್ನು ನೋಡುವುದು, ಅಧಿಕಾರಿಗಳನ್ನು ನಡೆಸುವುದು ಇವು ಹೆಂಗಸರಿಂದ ಆದುದುಂಟೋ?

ಉಂಟೆಂಬುದಕ್ಕೆ ಎರಡು ಶಾಸನಗಳು ಸಾಕು. ಮೊದಲನೆಯದು ಹೊನ್ನಾಳಿ ನ್ಯಾಮತಿಗಳ ನೆರೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯದು. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲಕ್ಕೆ, ಎಂದರೆ ೧೦ನೆಯ ಶತಮಾನದ ಆದಿಭಾಗಕ್ಕೆ ಸಂಬಂಧಿಸಿದುದು. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಹೆಣ್ಣಾಗಿದ್ದರೂ ಅವಳು ತನ್ನ ವೀರ್ಯದಿಂದ ನಾಡನ್ನು ಚೆನ್ನಾಗಿ ಪಾಲಿಸಿದಳೆಂದು ಶಾಸನವು ಹೊಗಳುತ್ತದೆ. ಮುಂದೆ ದೇಹವು ರೋಗಕ್ಕೆ ಈಡಾಗಲು, ಅಧಿಕಾರವನ್ನು ಮಗಳಿಗೆ ವಹಿಸಿ, ಜಿನಧರ್ಮದ ವಿಧಿಯಂತೆ ವ್ರತವನ್ನು ಕೈಕೊಂಡು ಬಂದಳಿಕೆಯ ಬಸದಿಯಲ್ಲಿ ಪ್ರಾಣವನ್ನು ಬಿಟ್ಟಳು. ಇಲ್ಲಿ ಗಮನಿಸಬೇಕಾದುದು ಪದವಿಯ ಸ್ವರೂಪ. ನಾಳ್ಗಾವುಂಡಿಕೆಯು ಕಿರೀಟವಲ್ಲ, ಕೆಲಸ. ಕಂದಾಯ, ಜಗಳ, ಎಲ್ಲೆ, ಕೆರೆಕಾಲುವೆ ಇವುಗಳೆಲ್ಲ ಅದರೊಳಗೆ ಬರುವುವು. ಆ ಕೆಲಸವು ಹೆಂಡತಿಗೆ ಬಂದು, ಅವಳಿಂದ ಮಗಳಿಗೆ ಹೋಯಿತು.

ಎರಡನೆಯದು ಗದಗ ಸೀಮೆಯ ಸೂಡಿಯ ೧೦೫೦ರ ಶಾಸನ. ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು; ಬನವಾಸಿ ನಾಡಿನ ಆಳಿಕೆಯಲ್ಲಿಯೂ ಅವಳ ಹೆಸರು ಬರುತ್ತದೆ. ಗೋಕಾಗೆಯ ಕೋಟೆಯನ್ನು ಮುತ್ತಿದ ವೀರೆಯೆಂದು ಚರಿತ್ರಕಾರರು ಅವಳನ್ನು ನೆನೆಯುವುದು ವಾಡಿಕೆ. ಆದರೆ ನಗರಾಡಳಿತದ ದೃಷ್ಟಿಯಿಂದ ಸೂಡಿಯ ಶಾಸನವೇ ಹೆಚ್ಚು ಬೆಲೆಯುಳ್ಳದು. ಚೋಳರೊಡನೆ ನಡೆದ ಯುದ್ಧದ ಗಲಭೆಯಲ್ಲಿ ಆ ಊರಿನ ಎಂಟು ಮಂದಿ ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಕಟ್ಟುಪಾಡು ಕೆಟ್ಟುಹೋಗಿದ್ದಿತು. ಅಕ್ಕಾದೇವಿಯ ಆಳಿಕೆಯಲ್ಲಿ ಅಧಿಕಾರಿಗಳ ಸಭೆಯು ಕೂಡಿ ಆ ಸಮೂಹದ ಮರ್ಯಾದೆಯನ್ನು ಪುನಃ ಸ್ಥಾಪಿಸಿತು. ಯುದ್ಧದಲ್ಲಿ ಗೆಲ್ಲುವುದು ಒಂದು. ಯುದ್ಧವು ಕೆಡಿಸಿದ ಊರನ್ನು ಮತ್ತೆ ಊರಾಗಿ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಕವಿಗಳ ಹೊಗಳಿಕೆಯು ದೊರೆಯುವುದು ಅಪರೂಪ. ಆದರೆ ಸಂತೆ ನಡೆಯುವುದೂ, ತೆರಿಗೆ ನ್ಯಾಯವಾಗಿ ಎತ್ತಲ್ಪಡುವುದೂ, ಒಕ್ಕಲು ಊರುಬಿಡದೆ ನಿಲ್ಲುವುದೂ ಅದರಿಂದಲೇ.

ಈ ಎರಡು ಶಾಸನಗಳನ್ನು ಮುಂದಿಟ್ಟುಕೊಂಡು ನೋಡಿದರೆ ಶಾಂತವ್ವೆಯ ಕಥೆಯು ಆಕಾಶಪುಷ್ಪದಂತೆ ತೋರದು. ಅದಕ್ಕೆ ಹಿಂದೆಯೂ ಅದರ ಸಮೀಪದಲ್ಲಿಯೂ ಅಂಥ ಹೆಂಗಸರು ಇದ್ದರು.

೬

ಸೂಳೆಕೆರೆಯಿಂದ ಚನ್ನಗಿರಿಗೆ ಬಂದರೆ ಐತಿಹ್ಯದ ಮಸುಕು ಕಳೆದು ಇತಿಹಾಸದ ಬೆಳಕು ಕಾಣುತ್ತದೆ. ಈ ಪಟ್ಟಣಕ್ಕೆ ಹೆಸರು ಬಂದುದು ಕೆಳದಿಯ ರಾಣಿ ಚನ್ನಮ್ಮಾಜಿಯಿಂದ. ಅವಳ ಗಂಡ ಸೋಮಶೇಖರನಾಯಕನು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ಕೊನೆಗೆ ಹತನಾದ ಬಳಿಕ, ೧೬೭೧ರ ಸುಮಾರಿನಲ್ಲಿ ಅವಳು ರಾಜ್ಯಭಾರವನ್ನು ವಹಿಸಿಕೊಂಡು ಸುಮಾರು ಇಪ್ಪತ್ತೈದು ವರ್ಷ ಆಳಿದಳು. ಅವಳ ಚರಿತ್ರೆಯನ್ನು ಲಿಂಗಣ್ಣಕವಿಯು ಕೆಳದಿನೃಪವಿಜಯವೆಂಬ ಚಂಪೂಕಾವ್ಯದಲ್ಲಿ ವರ್ಣಿಸಿರುವನು.

ಚನ್ನಮ್ಮಾಜಿ ಎಂದೊಡನೆ ಪಾಠಪುಸ್ತಕಗಳಲ್ಲಿ ಬರುವುದು ಒಂದೇ ಪ್ರಸಂಗ: ೧೬೮೯ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಅವನಿಗೆ ಆಶ್ರಯವನ್ನಿತ್ತು, ಔರಂಗಜೇಬನ ಸೈನ್ಯವನ್ನು ಎದುರಿಸಿದುದು. ಶರಣಾಗತರಕ್ಷಣೆಯು ಮಹತ್ತಾದ ಧರ್ಮವೇ. ಅದನ್ನು ಕೀರ್ತಿಸುವುದು ಉಚಿತವೇ. ಆದರೆ ಇಪ್ಪತ್ತೈದು ವರ್ಷದ ರಾಜ್ಯಭಾರವು ಒಂದು ಯುದ್ಧದಲ್ಲಿ ಅಡಗುವುದಿಲ್ಲ. ೧೬೭೮ರಲ್ಲಿ ಪೋರ್ಚುಗೀಸರೊಡನೆ ಒಪ್ಪಂದವನ್ನು ಮಾಡಿಕೊಂಡು ಕರಾವಳಿಯ ವ್ಯಾಪಾರವನ್ನು ಕ್ರಮಪಡಿಸಿದಳು. ಗಂಡನ ಹಿರಿಯರಲ್ಲಿ ಪ್ರಸಿದ್ಧನಾದ ಶಿವಪ್ಪನಾಯಕನು ನೆಲದ ತರಗಳನ್ನು ವಿಂಗಡಿಸಿ ಕಂದಾಯವನ್ನು ಗೊತ್ತುಮಾಡಿದ ಶಿಸ್ತು ಅವಳ ರಾಜ್ಯದ ಆರ್ಥಿಕವಾದ ಬೆನ್ನೆಲುಬಾಗಿದ್ದಿತು. ಮೂಡಣ ಗಡಿಯಲ್ಲಿ ಹುಲಿಕೆರೆ ಎಂಬ ಎಡೆಯ ದುರ್ಗವನ್ನು ಬಲಪಡಿಸಿ ಅದಕ್ಕೆ ಚನ್ನಗಿರಿ ಎಂಬ ಹೆಸರನ್ನು ಕೊಟ್ಟಳು. ಊರ ಮಗ್ಗುಲಿನ ಗುಡ್ಡದ ಮೇಲೆ ಆ ಕೋಟೆಯು ಇಂದಿಗೂ ಇದೆ; ಅದರೊಳಗೆ ರಂಗನಾಥನ ಗುಡಿಯಿದೆ.

ಕೋಟೆಯೆಂಬುದನ್ನು ಕೇವಲ ಯುದ್ಧಸಾಧನವೆಂದು ತಿಳಿಯುವುದು ಸರಿಯಲ್ಲ. ಆ ಕಾಲದಲ್ಲಿ ಗಡಿಯ ಕೋಟೆಯೆಂದರೆ ಸುತ್ತಣ ಹಳ್ಳಿಗಳಿಗೆ ಅಭಯ, ಅಭಯವಿದ್ದೆಡೆ ಪೇಟೆ, ಪೇಟೆಯಿದ್ದೆಡೆ ಕಸುಬುದಾರರು. ಹುಲಿಕೆರೆಯು ಚನ್ನಗಿರಿಯಾಗಿ ಒಂದು ಕಸಬೆಯ ಸ್ಥಿತಿಗೆ ಏರಲು ಆ ದುರ್ಗವೇ ಬೀಜ.

ಚನ್ನಮ್ಮಾಜಿಯ ಮತ್ತೊಂದು ಕೆಲಸವು ವಿದ್ವಾಂಸರಿಗೆ ವಿಶೇಷವಾಗಿ ಸ್ಮರಣೀಯ. ಅವಳು ದತ್ತು ತೆಗೆದುಕೊಂಡು ಬೆಳಸಿದ ಬಸಪ್ಪನಾಯಕನೇ ಮುಂದೆ ೧೭೦೯ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಸಪ್ತಸಂತಾನಗಳಲ್ಲಿ ಪುತ್ರನೂ ಪ್ರಬಂಧವೂ ಇವೆಯಷ್ಟೆ. ಹೆತ್ತ ಮಕ್ಕಳಿಲ್ಲದ ರಾಣಿಗೆ ಈ ದತ್ತಪುತ್ರನಿಂದ ಎರಡೂ ದೊರೆತುವೆಂದು ಹೇಳಬಹುದು.

೭

ಪೂರ್ವಚರಿತ್ರೆಯಿಂದ ವರ್ತಮಾನಕ್ಕೆ ಬಂದರೆ, ಶಾಂತವ್ವೆಯ ಕೆರೆಯು ಈಗಲೂ ಕೆಲಸವನ್ನು ಬಿಟ್ಟಿಲ್ಲ. ಭದ್ರಾ ನಾಲೆಯ ನೀರು ಈಗ ಅದಕ್ಕೆ ಕೂಡುತ್ತದೆ. ಕೆಳಗಿನ ಗದ್ದೆತೋಟಗಳಿಗೆ ಮಾತ್ರವಲ್ಲದೆ, ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗ, ಜಗಳೂರು ಮೊದಲಾದ ಊರುಗಳಿಗೆ ಕುಡಿಯುವ ನೀರು ಆ ಕೆರೆಯಿಂದ ಹೋಗಿರುತ್ತದೆ. ಕೆರೆಯನ್ನು ಕಟ್ಟಿಸಿದವರು ಕಂಡೂ ಇರದ ದೂರದ ಊರಿನ ಮಕ್ಕಳು ಅದರ ನೀರನ್ನು ಕುಡಿಯುವರು. ಜಗಳೂರಿನ ಸೀಮೆಗೆ ಅದು ಸಾಲದಿರಲು, ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ ೫೭ ಕೆರೆಗಳನ್ನು ತುಂಬಿಸುವ ಯೋಜನೆಯೂ ಹುಟ್ಟಿತು. ಹೊಸ ಯಂತ್ರಗಳು ಬಂದರೂ ನೀರು ಬಂದು ನಿಲ್ಲಬೇಕಾದುದು ಹಳೆಯ ಕೆರೆಗಳಲ್ಲಿಯೇ ಎಂಬುದನ್ನು ಇಲ್ಲಿ ಮನಗಾಣಬಹುದು.

ಆಡಳಿತದ ಕ್ರಮವು ಈ ನಡುವೆ ಬಹಳ ಮಾರ್ಪಟ್ಟಿದೆ. ಕರ್ನಾಟಕದ ೧೯೮೩ರ ಶಾಸನವು ಜಿಲ್ಲಾ ಪರಿಷತ್ತು ಮಂಡಲ ಪಂಚಾಯತಿಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು. ರಾಜ್ಯಾಂಗದ ೭೪ನೆಯ ತಿದ್ದುಪಡಿಯು ೧೯೯೩ರ ಜೂನ್ ೧ರಿಂದ ಜಾರಿಗೆ ಬಂದು, ಪಟ್ಟಣಸಭೆಗಳಲ್ಲಿ ಮೂರನೆಯ ಒಂದಕ್ಕೆ ಕಡಮೆಯಿಲ್ಲದ ಸ್ಥಾನಗಳನ್ನು ಹೆಂಗಸರಿಗೆ ಕೊಟ್ಟಿತು. ಕರ್ನಾಟಕದ ಪಂಚಾಯತಿಗಳಲ್ಲಿ ಆ ಪಾಲು ಅರ್ಧಕ್ಕೆ ಏರಿತು. ಜಕ್ಕಿಯಬ್ಬೆಗೆ ಗಂಡನ ಮರಣದಿಂದ, ಅಕ್ಕಾದೇವಿಗೆ ರಾಜಕುಲದ ಜನ್ಮದಿಂದ, ಚನ್ನಮ್ಮಾಜಿಗೆ ರಾಜ್ಯದ ವಿಪತ್ತಿನಿಂದ ಬಂದ ಅಧಿಕಾರವು ಈಗ ಸಾಮಾನ್ಯಳಾದ ಒಕ್ಕಲಗಿತ್ತಿಗೂ ಮತದಿಂದ ಬರುತ್ತದೆ. ಇದು ದೊಡ್ಡ ಭೇದವೇ ಸರಿ. ಆದರೆ ಪೀಠವು ಬಂದ ಮಾತ್ರಕ್ಕೆ ಕರ್ತೃತ್ವವು ಬಂದಂತಾಗದು. ಗಂಡನೋ ಮೈದುನನೋ ಹಿಂದೆ ಕುಳಿತು ಲೆಕ್ಕವನ್ನು ನೋಡಿ, ಅವಳ ರುಜುವನ್ನು ಮಾತ್ರ ಹಾಕಿಸಿಕೊಳ್ಳುವ ಪದ್ಧತಿಯು ಎಲ್ಲೆಲ್ಲಿ ಇದೆಯೋ ಅಲ್ಲಿ ಪ್ರಯೋಜಕರು ಬೇರೆ, ಕರ್ತೃವೆಂಬ ಹೆಸರು ಬೇರೆ. ವೈಯಾಕರಣರು ಕರ್ತೃವನ್ನು ಸ್ವತಂತ್ರನೆಂದೇ ಲಕ್ಷಣಿಸಿರುವರು.

ಸ್ವಾತಂತ್ರ್ಯವಿದ್ದರೆ ಏನಾಗಬಲ್ಲದೆಂಬುದಕ್ಕೆ ದೂರದ ಒಂದು ನಿದರ್ಶನವನ್ನು ನೋಡಬಹುದು. ಆಫ್ರಿಕಾಖಂಡದ ಪಶ್ಚಿಮ ತೀರದ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನ್. ಬೆಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾಗಿ ಬೆಳೆದ ಈ ನಗರದಲ್ಲಿ ಮನೆಗಳಿಗಾಗಿ ಬೆಟ್ಟದ ಕಾಡು ಕಡಿದುಹೋಯಿತು. ೨೦೧೭ರ ಆಗಸ್ಟ್ ೧೪ರಂದು ಭಾರಿಯ ಮಳೆಯಿಂದ ಬೆಟ್ಟದ ಮಗ್ಗುಲು ಕುಸಿದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಮರುವರ್ಷ, ಎಂದರೆ ೨೦೧೮ರಲ್ಲಿ, ಇವೋನ್ ಆಕಿ-ಸಾಯರ್ ಎಂಬ ಮಹಿಳೆಯು ಆ ನಗರದ ಮೇಯರಾಗಿ ಚುನಾಯಿತಳಾದಳು. ೨೦೨೩ರಲ್ಲಿ ಪುನಃ ಚುನಾಯಿತಳಾದಳು. ಲೆಕ್ಕಪರಿಶೋಧನೆಯ ವೃತ್ತಿಯಲ್ಲಿ ಪಳಗಿದ್ದ ಅವಳು ಮೊದಲು ಮಾಡಿದ ಕೆಲಸವು ಲೆಕ್ಕವೇ. ಕಸ, ನೀರು, ವಸತಿ, ತೆರಿಗೆ ಮುಂತಾಗಿ ೧೧ ವಿಭಾಗಗಳಲ್ಲಿ ೧೯ ಗುರಿಗಳನ್ನು ಗೊತ್ತುಮಾಡಿ ಪ್ರಕಟಿಸಿದಳು. ಕಡಿದ ಕಾಡಿಗೆ ಪ್ರತಿಯಾಗಿ ಹತ್ತು ಲಕ್ಷ ಮರಗಳನ್ನು ಬೆಳೆಸುವ ಸಂಕಲ್ಪವನ್ನು ಮಾಡಿ, ಸಸಿಗಳಿಗೆ ಗುರುತುಗಳನ್ನು ಕೊಟ್ಟು, ನೆಟ್ಟ ಮೇಲೆ ಸಾಕುವ ಕೆಲಸಕ್ಕೂ ನಿವಾಸಿಗಳಿಗೆ ಕೂಲಿ ದೊರೆಯುವಂತೆ ಏರ್ಪಡಿಸಲಾಯಿತು. ಮನೆಗಳ ವಿಸ್ತಾರವನ್ನೂ ಹೊರಗೆ ಕಾಣುವ ಲಕ್ಷಣಗಳನ್ನೂ ನೋಡಿ ತೆರಿಗೆಯನ್ನು ಗೊತ್ತುಮಾಡುವ ಹೊಸ ಕ್ರಮವು ೨೦೨೦ರಲ್ಲಿ ಬಂದಿತು. ನೆಲದ ತರವನ್ನು ನೋಡಿ ಕಂದಾಯವನ್ನು ಕಟ್ಟಿದ ಕೆಳದಿಯ ಶಿಸ್ತಿಗೂ ಇದಕ್ಕೂ ಇರುವ ಸಾದೃಶ್ಯವು ಕನ್ನಡಿಗರಿಗೆ ಹೊಳೆಯದೆ ಇರದು. ನ್ಯಾಯವಾದ ತೆರಿಗೆಯಿಲ್ಲದೆ ಪೂರ್ತವು ಸಾಗದೆಂಬ ತತ್ತ್ವವು ಬೆದನೂರಿಗೂ ಒಂದೇ, ಫ್ರೀಟೌನಿಗೂ ಒಂದೇ.

೮

ಇನ್ನು ಹೆಸರಿನ ಪ್ರಶ್ನೆಯೊಂದು ಉಳಿಯುತ್ತದೆ. ಸೂಳೆಕೆರೆಯೆಂಬುದು ಬಾಯಿಗೆ ಹಿತವಲ್ಲವೆಂದು ಅದನ್ನು ಶಾಂತಿಸಾಗರವೆಂದು ಕರೆಯುವ ರೂಢಿಯು ಬಂದಿದೆ. ಶಾಂತವ್ವೆಯ ಸ್ಮರಣೆಯು ಆ ಹೆಸರಿನಲ್ಲಿ ಇರುವುದರಿಂದ ಅದು ಗ್ರಾಹ್ಯವೇ. ಉಪಾಧ್ಯಾಯರು ತರಗತಿಯಲ್ಲಿ ಹಳೆಯ ಹೆಸರನ್ನು ಉಚ್ಚರಿಸಲು ಸಂಕೋಚಪಡುವುದೂ ಅರ್ಥವಾಗುವ ಸಂಗತಿಯೇ. ಆದರೂ ಹೊಸ ಹೆಸರು ಹಳೆಯದನ್ನು ಅಳಿಸಿಬಿಡುವುದಾದರೆ ಅದರಲ್ಲಿ ಎರಡು ದೋಷಗಳು ಬರುವುವು.

ಒಂದು, ಭಾಷೆಯ ದೋಷ. ಮಹಾಕೂಟದ ಶಾಸನದಲ್ಲಿ ಗೌರವದಿಂದ ಬಂದ ಮಾತನ್ನು ನಾಚಿಕೆಯ ಮಾತಾಗಿಯೇ ಒಪ್ಪಿಕೊಂಡಂತಾಗುವುದು; ಶಬ್ದವು ಇಳಿದು ಬಂದ ಮೆಟ್ಟಿಲುಗಳು ಮರೆತುಹೋಗುವುವು. ಎರಡು, ಧರ್ಮದ ದೋಷ. ಇದು ಮೊದಲನೆಯದಕ್ಕಿಂತ ಗುರುತರ. ಐತಿಹ್ಯದ ಎರಡನೆಯ ಪಾಠವನ್ನು ಒಪ್ಪುವುದಾದರೆ, ಆ ಹೆಸರು ಅಲಂಕಾರವಲ್ಲ, ಕ್ರಯ. ನೆಲವನ್ನು ಕೊಟ್ಟವರಿಗೆ ಸಂದಾಯವಾದ ಬೆಲೆಯೇ ಅದು. ನೀರನ್ನು ಕುಡಿಯುತ್ತ, ಗದ್ದೆಯನ್ನು ಬೆಳೆಯುತ್ತ, ಬೆಲೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದು ಯಾವ ಸ್ಮೃತಿಗೂ ಸಮ್ಮತವಲ್ಲ. ದತ್ತಾಪಹಾರವು ಪಾಪವೆಂದು ನಮ್ಮ ದಾನಶಾಸನಗಳ ಕೊನೆಯ ಶಾಪವಾಕ್ಯಗಳೆಲ್ಲ ಸಾರುತ್ತವೆ.

ಶಾಂತವ್ವೆಗೆ ತನ್ನ ಹೆಸರನ್ನೇ ಕೆರೆಗೆ ಇಡುವ ಸಾಮರ್ಥ್ಯವಿದ್ದಿತು. ಕಥೆಯ ಪ್ರಕಾರ ಅವಳು ಅದನ್ನು ಬಿಟ್ಟುಕೊಟ್ಟಳು. ಚನ್ನಮ್ಮಾಜಿಯು ತನ್ನ ಹೆಸರನ್ನು ದುರ್ಗಕ್ಕೆ ಇಟ್ಟಳು. ಅದೂ ಯುಕ್ತವೇ, ಏಕೆಂದರೆ ಗಡಿಯ ಕೋಟೆಗೆ ಆಳುವವರ ಹೆಸರೇ ಅರ್ಧಬಲ. ಕೆರೆಗೆ ಬೇಕಾದುದು ಹೆಸರಿನ ಬಲವಲ್ಲ. ಹೂಳನ್ನು ತೆಗೆಯುವವರು, ತೂಬನ್ನು ಕಾಯುವವರು, ಅಂಗಳವನ್ನು ಒತ್ತುವರಿಯಿಂದ ಉಳಿಸುವವರು. ಆ ಕೆಲಸಗಳು ಈಗ ಸೀಮೆಯ ಪುರಸಭೆ ಪಂಚಾಯತಿಗಳಲ್ಲಿ ಕುಳಿತವರ ಪಾಲಿಗೆ, ಅವರಲ್ಲಿ ಮೂರನೆಯ ಒಂದಕ್ಕೆ ಕಡಮೆಯಿಲ್ಲದ ಹೆಂಗಸರ ಪಾಲಿಗೆ ಬಂದಿವೆ. ಎರಡು ಗುಡ್ಡಗಳ ನಡುವಣ ೯೫೦ ಅಡಿಯ ಏರಿಯು ಅವರ ಪೂರ್ವಜೆಯರ ಶಕ್ತಿಗೆ ಸಾಕ್ಷಿಯಾಗಿ ನಿಂತಿದೆ. ಆ ಏರಿಯ ಹಿಂದೆ ನೀರು ನಿಲ್ಲುವಂತೆ ಮಾಡುವುದೇ ಉಳಿದ ಪೂರ್ತ.